ಸಾಲಿನ ಕೊನೆಯ ಹುದ್ದೆ

ನನ್ನ ಭಾವ ಸುಳ್ಳು ಹೇಳುವ ಮನುಷ್ಯರಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಇಡೀ ಜೀವಮಾನದಲ್ಲಿ ಅವರು ಹೇಳಿದ್ದು ಒಂದೇ ಒಂದು ಸುಳ್ಳು. ಅದನ್ನೂ ಬಾಯಿಬಿಟ್ಟು ಹೇಳಲಿಲ್ಲ, ಏಕೆಂದರೆ ಆಗ ಅವರ ಬಾಯಿತುಂಬ ಪೇಸ್ಟಿನ ನೊರೆ ಇತ್ತು.

ಎರಡು ವರ್ಷದ ಹಿಂದೆ ಅಕ್ಕ, ಭಾವ ಈ ಬೀದಿಗೆ ಮನೆ ಬದಲಾಯಿಸಿದ ಮರುದಿನ ಬೆಳಿಗ್ಗೆ ಭಾವ ಗೇಟಿನ ಬಳಿ ನಿಂತು ಹಲ್ಲುಜ್ಜುತ್ತಿದ್ದರು. ಎದುರುಮನೆಯ ಹಿರಿಯರು ವಿಚಾರಣೆಗೆ ಬಂದರು. ಮೂವತ್ತೈದು ವರ್ಷ ನ್ಯಾಯಾಲಯದಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ವಿಚಾರಣೆ ಅವರ ಮೈಗೆ ಅಂಟಿಬಿಟ್ಟಿದೆ.

“ರೈಲ್ವೆಯಲ್ಲಂತೆ?”

ಭಾವ ತಲೆಯಾಡಿಸಿದರು.

“ಡ್ರೈವರ್ರಾ?”

ಅಲ್ಲ ಎನ್ನಬೇಕಾದರೆ ಬಾಯಿ ತೆರೆಯಬೇಕು. ತೆರೆದರೆ ನೊರೆ ಗುಮಾಸ್ತರ ಬಿಳಿ ಅಂಗಿಯ ಮೇಲೆ ಬೀಳುತ್ತದೆ. ಮೊದಲ ಪರಿಚಯದಲ್ಲೇ ಅದು ಚೆನ್ನಾಗಿರುವುದಿಲ್ಲವೆಂದು ಭಾವ “ಹ್ಞೂಂ” ಎಂದರು. ತಲೆ ಅಡ್ಡಡ್ಡ ಆಡಿಸಬಹುದಿತ್ತಲ್ಲ ಎಂದು ನಾನು ಆಮೇಲೆ ಕೇಳಿದೆ. “ಬ್ರಷ್ ಬಾಯಲ್ಲಿತ್ತಪ್ಪ. ಅಡ್ಡ ಆಡಿಸಿದ್ರೆ ಒಸಡಿಗೆ ಚುಚ್ಚುತ್ತೆ,” ಎಂದರು. ಅವರು ಬಾಯಿ ಮುಕ್ಕಳಿಸಿ ಹೊರಗೆ ಬರುವಷ್ಟರಲ್ಲಿ ನಮ್ಮ ಮನೆಗೆ ಇಂಜಿನ್ ಡ್ರೈವರ್ ಬಂದಿದ್ದಾರೆಂಬ ಸುದ್ದಿ ಬೀದಿಯ ಆ ತುದಿ ಮುಟ್ಟಿತ್ತು.

ಅಸಲಿಗೆ ಭಾವ ರೈಲಿನ ಗಾರ್ಡು. ಇಂಜಿನ್ನು ರೈಲಿನ ಒಂದು ತುದಿಯಾದರೆ ಭಾವ ಇನ್ನೊಂದು ತುದಿ. ಕೊನೆಯ ಡಬ್ಬಿಯಲ್ಲಿ ಅವರಿಗೊಂದು ಗಟ್ಟಿ ಕುರ್ಚಿ, ಕೊರಳಿಗೊಂದು ಸೀಟಿ, ಕೈಗೆ ಒಂದು ಕೆಂಪು, ಒಂದು ಹಸಿರು ಬಾವುಟ. ಇಪ್ಪತ್ತೆರಡು ವರ್ಷದಿಂದ ಅವರು ನೋಡುತ್ತ ಬಂದಿರುವುದು ಹಿಂದೆ ಸರಿಯುವ ಹಳಿಗಳನ್ನು ಮಾತ್ರ. ಊರು ಬರುವುದನ್ನು ಅವರು ನೋಡಿಲ್ಲ, ಹೋಗುವುದನ್ನು ನೋಡಿದ್ದಾರೆ. ನೆಂಟರಿಷ್ಟರು ಎಲ್ಲಿ ಸಿಕ್ಕರೂ “ಇಂಜಿನ್‌ಗೆ ಯಾವಾಗ ಹಾಕ್ತಾರೆ?” ಎಂದು ಕೇಳುವರು, ಗಾರ್ಡು ಎಂದರೆ ಫೇಲಾದ ಡ್ರೈವರ್ ಎಂಬಂತೆ. ಭಾವ ನಗುತ್ತಿದ್ದರು. ಆ ನಗು ಅವರಿಗೆ ನೋವಾದಾಗ ಬರುವ ನಗು ಎಂದು ನನಗೆ ಗೊತ್ತು. ನಾನು ಅವರ ಮನೆಯ ಮಹಡಿ ಕೋಣೆಯಲ್ಲೇ ಇರುವವನು. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವುದು ನನ್ನ ಕಸುಬು. ಜನ ಹತ್ತಿರದ್ದನ್ನು ಎಷ್ಟು ಕಡಿಮೆ ನೋಡುತ್ತಾರೆ ಎಂಬ ವಿಷಯದಲ್ಲಿ ನನಗೂ ಸ್ವಲ್ಪ ಅನುಭವವಿದೆ.

ಹೀಗಾಗಿ ಪುಕ್ಕಟೆ ಬಂದ ಬಡ್ತಿಯನ್ನು ಭಾವ ಬೇಡವೆನ್ನಲಿಲ್ಲ. ಆದರೆ ಬಡ್ತಿ ಎಂದಮೇಲೆ ಕೆಲಸವೂ ಹೆಚ್ಚುತ್ತದಲ್ಲ. ಗುಮಾಸ್ತರು ಒಂದು ದಿನ, “ಸಂಜೆ ಐದೂ ಇಪ್ಪತ್ತರ ಗಾಡಿ ನಿಮ್ಮದೇ ಅಲ್ವಾ? ನಮ್ಮ ಬೀದಿ ಪಕ್ಕ ಬಂದಾಗ ಒಂದು ಹಾರ್ನ್ ಹೊಡೀರಿ, ಗಡಿಯಾರ ಸರಿ ಮಾಡ್ಕೋತೀನಿ,” ಎಂದರು. ಭಾವ ಅಸಲಿ ಡ್ರೈವರನ ಕೈಕಾಲು ಹಿಡಿದರು. ಆ ಪುಣ್ಯಾತ್ಮ ಒಪ್ಪಿ, ದಿನವೂ ಬೀದಿಯ ಪಕ್ಕದಲ್ಲಿ ಎರಡು ಸಲ ಹಾರ್ನ್ ಹೊಡೆದು ಹೋಗತೊಡಗಿದ. ಬೀದಿಯವರೆಲ್ಲ ಇಂಜಿನ್ನಿಗೆ ಕೈಬೀಸಿ ಒಳಗೆ ಹೋಗುವರು. ಒಂದು ನಿಮಿಷದ ಮೇಲೆ ಕೊನೆಯ ಡಬ್ಬಿ ಹಾಯುವಾಗ ಬೀದಿ ಖಾಲಿ. ಭಾವ ಅಲ್ಲಿ ಬಾಗಿಲಲ್ಲಿ ನಿಂತಿರುತ್ತಿದ್ದರು ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ.

ಒಮ್ಮೆ ಮಾತ್ರ ಎಡವಟ್ಟಾಯಿತು. ರಜೆಯ ದಿನ ಭಾವ ಅಂಗಳದಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದಾಗ ಹಾರ್ನ್ ಎರಡು ಸಲ ಕೂಗಿತು. ಗುಮಾಸ್ತರು ಕೈಗಡಿಯಾರ ನೋಡಿದರು, ರೈಲು ನೋಡಿದರು, ಭಾವನ ಕಾಲು ನೋಡಿದರು.

“ಅವನು ನನ್ನ ಶಿಷ್ಯ,” ಎಂದರು ಭಾವ, ಉಗುರಿನಿಂದ ಕಣ್ಣೆತ್ತದೆ. “ನಾನೇ ಕಲಿಸಿದ್ದು.”

ಅಲ್ಲಿಗೆ ಅವರು ಡ್ರೈವರುಗಳ ಗುರುವೂ ಆದರು.

ಇದೆಲ್ಲ ಗೊತ್ತಿಲ್ಲದವಳು ಮನೆಯಲ್ಲಿ ಒಬ್ಬಳೇ, ಭಾವನ ಆರು ವರ್ಷದ ಮಗಳು. ಅವಳ ಮಾತು, ನಡಿಗೆ, ಬೈಗುಳ ಎಲ್ಲ ಅರವತ್ತರದ್ದು, ಆದ್ದರಿಂದ ಅವಳನ್ನು ನಾವು ಅಜ್ಜಮ್ಮ ಎಂದೇ ಕರೆಯುವುದು. ಗುಮಾಸ್ತರು ಒಂದು ಸಲ ಅವಳ ಮುಂದೆ “ನಿಮ್ಮಪ್ಪ ಎಂಥ ಡ್ರೈವರ್!” ಎಂದಿದ್ದರಂತೆ. “ನಮ್ಮಪ್ಪ ಡ್ರೈವರ್ ಅಲ್ಲ,” ಎಂದಳಂತೆ ಅಜ್ಜಮ್ಮ. ಗುಮಾಸ್ತರು ಅವಳ ತಲೆ ನೇವರಿಸಿ, “ಅಪ್ಪನ ಹಾಗೇ ವಿನಯ,” ಎಂದು ಮುಂದೆ ಹೋದರಂತೆ. ಅದನ್ನು ಅವರೇ ನನಗೆ ಹೇಳಿದ್ದು, ಕಣ್ಣಲ್ಲಿ ನೀರು ತುಂಬಿಕೊಂಡು.

ಈ ವರ್ಷ ಅಜ್ಜಮ್ಮ ಒಂದನೇ ತರಗತಿಗೆ ಸೇರಿದಳು. ಮೂರನೇ ವಾರ ಶಾಲೆಯಿಂದ ಒಂದು ಪತ್ರ ಬಂತು. ‘ಒಂದನೇ ತರಗತಿಯ ಪೋಷಕರಿಗೆ ಸ್ವಾಗತ. ಶನಿವಾರ ಹತ್ತು ಗಂಟೆಗೆ ಬಂದು ಮಕ್ಕಳ ದಿನಚರಿಯನ್ನು ತಿಳಿದುಕೊಳ್ಳಬೇಕು. ತರಗತಿಯಲ್ಲಿ ಪ್ರತಿ ಮಗುವಿಗೂ ಒಂದು ಜವಾಬ್ದಾರಿ ಇರುತ್ತದೆ.’ ಇಷ್ಟು ಅಚ್ಚಾಗಿತ್ತು. ಕೆಳಗೆ ಟೀಚರು ಪೆನ್ನಿನಲ್ಲಿ ಬರೆದಿದ್ದರು: ‘ನಿಮ್ಮ ಮಗುವಿನ ಜವಾಬ್ದಾರಿ: ಸಾಲಿನ ಕೊನೆ.’

ಭಾವ ಅದನ್ನು ಮೂರು ಸಲ ಓದಿದರು. ನಂತರ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, “ಗಾಜು ಸರಿ ಇದೆಯಾ ನೋಡು,” ಎಂದರು. ಗಾಜು ಸರಿಯಾಗಿಯೇ ಇತ್ತು.

“ಕೊನೆ! ನನ್ನ ಮಗಳು ಕೊನೆ!”

ಅಕ್ಕ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಕೂಗಾಡುವ ನಲವತ್ತು ಜನರನ್ನು ದಿನವೂ ನೋಡುತ್ತಾಳೆ. “ಯಾಕ್ರೀ ಹಾರಾಡ್ತೀರಿ? ಹೋಗಿ ಟೀಚರ್‌ನ ಕೇಳಿದ್ರೆ ಆಯ್ತಪ್ಪ,” ಎಂದು ಒಗೆದ ಬಟ್ಟೆ ಮಡಿಸುತ್ತ ಕೂತಳು.

“ಕೇಳೋದೇನು? ಸಾಲು ಅಂದ್ರೆ ಮುಂದೆ ಬೆಳೀತಾ ಹೋಗುತ್ತೆ. ಇವತ್ತು ಸಾಲಿನ ಕೊನೆ, ನಾಳೆ ಬೆಂಚಿನ ಕೊನೆ, ಆಮೇಲೆ ಪರೀಕ್ಷೆಯಲ್ಲಿ ಕೊನೆ. ನಂಗೆ ಗೊತ್ತಿಲ್ವಾ ಕೊನೆ ಅಂದ್ರೆ ಏನು ಅಂತ?”

ಕಡೆಯ ಮಾತು ಹೇಳುವಾಗ ಅವರ ಸ್ವರ ಇಳಿಯಿತು. ಅವರಿಗಿದ್ದ ಹೆದರಿಕೆ ಅದೊಂದೇ: ತಾನು ಇಪ್ಪತ್ತೆರಡು ವರ್ಷ ಕೂತ ಜಾಗ ಮಗಳಿಗೂ ಅಂಟಿಕೊಂಡಿತಲ್ಲ ಎಂದು. ನನಗೆ ಅಯ್ಯೋ ಅನ್ನಿಸಿತು. ಅಜ್ಜಮ್ಮನನ್ನೇ ಕರೆದು ಕೇಳಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಅವಳ ಮನಸ್ಸು ನೋಯುತ್ತದೆಂದು ಭಾವ ಅವಳೆದುರು ಆ ಮಾತೆತ್ತುವುದನ್ನೇ ನಿಷೇಧಿಸಿದರು. ದೊಡ್ಡವರು ಮಕ್ಕಳ ಮನಸ್ಸನ್ನು ಕಾಪಾಡಲು ಹೊರಟಾಗಲೇ ಅನಾಹುತಗಳು ಆಗುವುದು ಎಂದು ನನ್ನ ನಂಬಿಕೆ.

ಗುಮಾಸ್ತರಿಗೆ ಸುದ್ದಿ ಮುಟ್ಟಿತು. ಅವರ ಮೊಮ್ಮಗಳೂ ಅದೇ ತರಗತಿ. ಅವಳ ಪತ್ರದಲ್ಲಿ ‘ಸಾಲಿನ ಮೊದಲು’ ಎಂದಿತ್ತು. ಆ ಪತ್ರವನ್ನು ಅವರು ಆಗಲೇ ನಡುಮನೆಯ ಗೋಡೆಗೆ ಅಂಟಿಸಿದ್ದರು.

“ಇದಕ್ಕೆ ಅರ್ಜಿ ಕೊಡ್ಬೇಕು,” ಎಂದರು ಅವರು, ಸಂತೋಷದಿಂದ. ನಿವೃತ್ತರಾದ ಮೇಲೆ ಅವರಿಗೆ ಒಂದು ಒಳ್ಳೆಯ ಅರ್ಜಿ ಸಿಕ್ಕಿರಲಿಲ್ಲ. ಎರಡು ಸಂಜೆ ಕೂತು ಬರೆದರು. ‘ಅರ್ಜಿದಾರರು ರೈಲ್ವೆ ಇಲಾಖೆಯಲ್ಲಿ ಇಂಜಿನ್ ಚಾಲಕರಾಗಿದ್ದು, ಸದಾ ಮುಂಭಾಗದಲ್ಲಿ ಕರ್ತವ್ಯ ನಿರ್ವಹಿಸುತ್ತ ಬಂದಿದ್ದು, ಸದರಿಯವರ ಪುತ್ರಿಯನ್ನು ಸಾಲಿನ ಕೊನೆಗೆ ನಿಯೋಜಿಸಿರುವುದು ಮನೆತನದ ಘನತೆಗೆ ಕುಂದು ತಂದಿರುತ್ತದಾದ ಕಾರಣ, ಆಕೆಯನ್ನು ತಕ್ಷಣ ಮುಂದಕ್ಕೆ ತರಬೇಕೆಂದು ಪ್ರಾರ್ಥನೆ.’ ಓದಿ ಮುಗಿಸಿ, “ರುಜು ಹಾಕಿ,” ಎಂದರು.

ಭಾವ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು. ಹ್ಞೂಂ ಎನ್ನುವುದು ಬೇರೆ, ರುಜು ಹಾಕುವುದು ಬೇರೆ. ಆದರೂ ಹಾಕಿದರು. ರುಜು ಅವರದು ಎಂದು ಅವರ ಹೆಂಡತಿ ಕೂಡ ಗುರುತಿಸದ ಹಾಗೆ ಹಾಕಿದರು.

ಶನಿವಾರ ಅಕ್ಕನಿಗೆ ಡ್ಯೂಟಿ. ಅವಳ ಬದಲು ನಾನು ಹೊರಟೆ. “ನೀನು ಸುಮ್ನೆ ಅವರ ಪಕ್ಕ ಇರು. ಜಾಸ್ತಿ ಆದ್ರೆ ಕೈ ಹಿಡಿದು ಎಳ್ಕೊಂಡು ಬಾ,” ಎಂದು ಅಕ್ಕ ಹೇಳಿ ಕಳಿಸಿದ್ದಳು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಅರ್ಜಿಯನ್ನು ಎದೆಯ ಜೇಬಿನಲ್ಲಿಟ್ಟು ಹೊರಟರು. ಗುಮಾಸ್ತರು ಬಗಲಲ್ಲಿ ಒಂದು ಫೈಲು ಹಿಡಿದಿದ್ದರು.

ಒಂದನೇ ತರಗತಿಯ ಬಾಗಿಲಲ್ಲಿ ಟೀಚರು ನಿಂತಿದ್ದರು. ನರೆತ ಕೂದಲಿನ ಗಿಡ್ಡ ಹೆಂಗಸು. ಸ್ವರ ಎಷ್ಟು ಮೆಲ್ಲಗೆಂದರೆ ಕೇಳಿಸಿಕೊಳ್ಳಲು ನಾವೇ ಸುಮ್ಮನಾಗಬೇಕು. ಅದೇ ಅವರ ಉಪಾಯ ಎಂದು ಆಮೇಲೆ ತಿಳಿಯಿತು.

“ಬನ್ನಿ. ಮಕ್ಕಳು ಈಗ ಆಟದ ಬಯಲಲ್ಲಿದ್ದಾರೆ. ಅವರು ಬರೋ ತನಕ ನೀವೇ ಒಂದನೇ ಕ್ಲಾಸು. ಮಕ್ಕಳು ಮನೆಗೆ ಬಂದು ಏನೇನೋ ಹೇಳ್ತಾರಲ್ಲ, ಅದು ನಿಮಗೆ ಅರ್ಥ ಆಗ್ಬೇಕು ಅಂದ್ರೆ ಒಂದು ಸಲ ಮಾಡಿ ನೋಡ್ಬೇಕು. ಚೀಲ ಗೂಟಕ್ಕೆ ಹಾಕಿ. ಚಪ್ಪಲಿ, ಶೂ ಹೊರಗೆ ಜೋಡಿಸಿ. ನಿಮ್ಮ ಮಗು ಕೂರೋ ಕುರ್ಚಿ ಮೇಲೇ ಕೂತ್ಕೊಳ್ಳಿ.”

ಕುರ್ಚಿಗಳು ಮೊಣಕಾಲೆತ್ತರ. ಕೂತಾಗ ಎಲ್ಲರ ಮಂಡಿ ಎದೆಗೆ ಬಂತು. ನಮ್ಮ ಪಕ್ಕದಲ್ಲಿ ಊರಿನ ದಂತವೈದ್ಯೆ ಕೂತಿದ್ದರು. ಊರಿನ ಜನರನ್ನೆಲ್ಲ ಕುರ್ಚಿಯಲ್ಲಿ ಮಲಗಿಸಿ ನಡುಗಿಸುವಾಕೆ ಈಗ ತಾವೇ ಕುರ್ಚಿಯ ಅಂಚು ಹಿಡಿದು ಕೂತಿದ್ದರು. ನನಗೆ ಕುರ್ಚಿ ಇರಲಿಲ್ಲ. ಪೆನ್ಸಿಲ್ ಹೆರೆದ ಸಿಪ್ಪೆಯ ಡಬ್ಬಿಯ ಪಕ್ಕ ನೆಲದ ಮೇಲೆ ಜಾಗ ಸಿಕ್ಕಿತು. ಡಬ್ಬಿ ತುಂಬಿದರೆ ಖಾಲಿ ಮಾಡುವ ಜವಾಬ್ದಾರಿಯೂ ಜೊತೆಗೆ ಸಿಕ್ಕಿತು.

ಭಾವ ಎದ್ದು ನಿಂತರು. ಕುರ್ಚಿಯೂ ಅವರ ಜೊತೆ ಎದ್ದಿತು. ಅದನ್ನು ಬಿಡಿಸಿಕೊಂಡು ಗಂಟಲು ಸರಿಮಾಡಿಕೊಂಡರು.

“ಮೇಡಂ, ನಂದೊಂದು ಅರ್ಜಿ ಇದೆ.”

“ಕೈ ಎತ್ತಬೇಕು,” ಎಂದರು ಟೀಚರು.

ಭಾವ ಕೈ ಎತ್ತಿದರು.

“ಹಾಂ. ಈಗ ಹೇಳಿ, ಏನು?”

“ಅರ್ಜಿ...”

“ಅದು ಮಾತಿನ ಸಮಯದಲ್ಲಿ. ಮಾತಿನ ಸಮಯ ಹತ್ತೂ ನಲವತ್ತಕ್ಕೆ. ಈಗ ಹಾಜರಿ.”

ಭಾವ ಕೂತರು. ಹಾಜರಿ ಮುಗಿಯಿತು, ಎಲ್ಲರೂ ಮಕ್ಕಳ ಪರವಾಗಿ “ಬಂದಿದ್ದೀನಿ ಟೀಚರ್” ಎಂದೆವು. ಭಾವ ಮತ್ತೆ ಕೈ ಎತ್ತಿದರು.

“ಬಾತ್‌ರೂಮಾ?” ಎಂದು ಕೇಳಿದರು ಟೀಚರು, ಬಹಳ ಅಂತಃಕರಣದಿಂದ.

“ಅಲ್ಲ, ಅರ್ಜಿ...”

“ಹತ್ತೂ ನಲವತ್ತು.”

ಆರನೇ ಸಲ ಕೈ ಎತ್ತಿದಾಗ ಗುಮಾಸ್ತರೇ ಹಿಂದಿನಿಂದ, “ಸ್ವಲ್ಪ ತಾಳಿ, ವಾಯಿದೆ ಕೊಟ್ಟಿದ್ದಾರಲ್ಲ,” ಎಂದು ಸಮಾಧಾನ ಮಾಡಬೇಕಾಯಿತು.

ಕರಿಹಲಗೆಯ ಪಕ್ಕದ ಗೋಡೆಯ ಮೇಲೆ ಜವಾಬ್ದಾರಿಯ ಚೀಟಿಗಳಿದ್ದವು. ಗಿಡಕ್ಕೆ ನೀರು, ಕಿಟಕಿ, ಕರಿಹಲಗೆ, ಬಾಗಿಲು, ಸಾಲಿನ ಮೊದಲು, ಸಾಲಿನ ಕೊನೆ. ಟೀಚರು ಅವನ್ನು ತೋರಿಸಿ, “ಈಗ ನಾವು ಸಾಲಾಗಿ ಹೋಗಿ, ನಲ್ಲಿಯಲ್ಲಿ ಕೈ ತೊಳೆದು, ಪುಸ್ತಕದ ಕೋಣೆ ನೋಡಿ ವಾಪಸ್ ಬರೋಣ. ನಿಮ್ಮ ಮಗೂದು ಯಾವ ಕೆಲಸವೋ ಅದನ್ನ ನೀವು ಮಾಡಿ,” ಎಂದರು.

ಗುಮಾಸ್ತರು ಮೊದಲಲ್ಲಿ ಹೋಗಿ ನಿಂತರು. ಎಲ್ಲರೂ ಅವರ ಹಿಂದೆ ನಿಂತೆವು. ಭಾವ ಮಾತ್ರ ಕಂಬದ ಹಾಗೆ ಕೋಣೆಯ ಮಧ್ಯದಲ್ಲೇ ಉಳಿದರು.

“ನಾನು ಕೊನೆಗೆ ನಿಲ್ಲಲ್ಲ.”

“ಯಾಕೆ?” ಎಂದರು ಟೀಚರು. ಅವರ ಸ್ವರದಲ್ಲಿ ಕೋಪವೇ ಇರಲಿಲ್ಲ, ಅದರಿಂದ ಭಾವನಿಗೆ ಇನ್ನೂ ಕಷ್ಟವಾಯಿತು.

ಗುಮಾಸ್ತರು ನೆರವಿಗೆ ಬಂದರು. “ಅವರು ಇಂಜಿನ್ ಡ್ರೈವರ್, ಮೇಡಂ. ಮುಂದೆ ಇದ್ದೇ ಅಭ್ಯಾಸ. ಬನ್ನಿ ಸ್ವಾಮಿ, ನನ್ನ ಜಾಗ ನಿಮಗೆ. ನಾನು ಹಿಂದೆ ಎಲ್ಲೋ ಬರ್ತೀನಿ.”

ಟೀಚರು ಭಾವನನ್ನು ದಿಟ್ಟಿಸಿ ನೋಡಿದರು. ನನಗೆ ಅವರು ನಗು ತಡೆದುಕೊಂಡ ಹಾಗೆ ಕಂಡಿತು.

“ಸರಿ,” ಎಂದರು. “ಇವತ್ತು ಕೊನೆ ಇಲ್ಲದೆ ಹೋಗಿ ಬನ್ನಿ. ನಾನು ಇಲ್ಲೇ ಕಾಯ್ತೀನಿ. ಎಡಕ್ಕೆ ತಿರುಗಿದ್ರೆ ನಲ್ಲಿ, ಅದರ ಪಕ್ಕದ್ದೇ ಪುಸ್ತಕದ ಕೋಣೆ.”

ಹೀಗೆ ಭಾವ ಜೀವನದಲ್ಲಿ ಮೊದಲ ಸಲ ಒಂದು ಸಾಲಿನ ಮುಂದೆ ನಿಂತರು. ಎದೆ ಉಬ್ಬಿಸಿ ಹೊರಟರು. ನಾಲ್ಕು ಹೆಜ್ಜೆ ಇಡುವುದರಲ್ಲಿ ಅವರಿಗೆ ಚಡಪಡಿಕೆ ಶುರುವಾಯಿತು. ಇಪ್ಪತ್ತೆರಡು ವರ್ಷ ಹಿಂದಕ್ಕೆ ನೋಡಿದ ಕುತ್ತಿಗೆ ಮುಂದಕ್ಕೆ ನಿಲ್ಲಲೊಲ್ಲದು. ತಿರುಗಿ ನೋಡುತ್ತ ನಡೆದರು, ಆಮೇಲೆ ಪೂರ್ತಿ ತಿರುಗಿ ಹಿಮ್ಮುಖವಾಗಿಯೇ ನಡೆಯತೊಡಗಿದರು. ಎಡಕ್ಕೆ ತಿರುಗಿ ಎಂದಿದ್ದನ್ನು ಹಿಮ್ಮುಖವಾಗಿ ಪಾಲಿಸಿದ್ದರಿಂದ ನಾವೆಲ್ಲ ಬಲಕ್ಕೆ ತಿರುಗಿದೆವು, ಮತ್ತು ಐದನೇ ತರಗತಿಯ ಗಣಿತದ ಪರೀಕ್ಷೆಯೊಳಗೆ ಹೊಕ್ಕೆವು. ಬರಿಗಾಲಿನ ಹತ್ತೊಂಬತ್ತು ಜನ ದೊಡ್ಡವರು ಸಾಲಾಗಿ ಒಳಗೆ ಬಂದದ್ದನ್ನು ಕಂಡು ಅಲ್ಲಿನ ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು.

“ತಪಾಸಣೆಗೆ ಬಂದಿದ್ದೀರಾ?”

“ಇಲ್ಲ ಸಾರ್, ಕೈ ತೊಳೆಯೋಕೆ,” ಎಂದರು ದಂತವೈದ್ಯೆ.

ಮಕ್ಕಳು ಇಷ್ಟು ಒಳ್ಳೆಯ ಪರೀಕ್ಷೆಯನ್ನು ಹಿಂದೆ ಕಂಡಿರಲಿಲ್ಲ. ನಾವು ಅದೇ ಬಾಗಿಲಿಂದ ಹೊರಗೆ ಬರುವಾಗ ಸಾಲಿನ ಹಿಂದುಮುಂದು ಗಂಟುಗಂಟಾಗಿ, ಯಾರು ಯಾರ ಹಿಂದೆ ಎಂಬುದೇ ಕೆಟ್ಟುಹೋಯಿತು. ಹೇಗೋ ನಲ್ಲಿ ಸಿಕ್ಕಿತು, ಕೈ ತೊಳೆದೆವು. ಪುಸ್ತಕದ ಕೋಣೆ ನೋಡಿದೆವು. ದಂತವೈದ್ಯೆಯ ಮಗನದು ಬಾಗಿಲಿನ ಜವಾಬ್ದಾರಿ. ಅವರು ಅದನ್ನು ಶ್ರದ್ಧೆಯಿಂದ ಮಾಡಿದರು. ತಾವು ಹೊರಗೆ ಬಂದದ್ದೇ ಬಾಗಿಲೆಳೆದು ಚಿಲಕ ಹಾಕಿ, ಒಮ್ಮೆ ಜಗ್ಗಿ ಕೂಡ ನೋಡಿದರು.

ತರಗತಿಗೆ ಮರಳಿ ಚಿಕ್ಕ ಕುರ್ಚಿಗಳಲ್ಲಿ ಕೂತೆವು. ಟೀಚರು ಕೇಳಿದರು, “ಎಷ್ಟು ಜನ ಹೋಗಿದ್ರಿ?”

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದೆವು. ಯಾರಿಗೆ ಗೊತ್ತು? ದಂತವೈದ್ಯೆ ಇಪ್ಪತ್ತಿರಬಹುದು ಎಂದರು. ಇನ್ನೊಬ್ಬರು ಹದಿನೈದು ಎಂದರು. ಆಗ ಭಾವನ ಬಾಯಿಂದ, ಅವರಿಗೇ ಗೊತ್ತಿಲ್ಲದಂತೆ ಬಂತು:

“ಹೋದವರು ಹತ್ತೊಂಬತ್ತು. ಬಂದವರು ಹದಿನೆಂಟು.”

ಹೇಳಿದ್ದೇ ತಡ, ಅವರ ಮುಖದ ರಂಗೇ ಬದಲಾಯಿತು. ಕಿಸೆಗೆ ಕೈ ಹಾಕಿದರು. ಸೀಟಿ ಹೊರಬಂತು. ರಜೆಯ ದಿನವೂ ಅದು ಅವರ ಕಿಸೆಯಲ್ಲಿರುತ್ತದೆ, ಮದುವೆಯಾದ ಹೊಸದರಲ್ಲಿ ಅಕ್ಕ ಅದಕ್ಕಾಗಿ ಜಗಳವನ್ನೂ ಆಡಿದ್ದಳು. ಅದನ್ನು ಬಾಯಿಗಿಟ್ಟು ಒಮ್ಮೆ ಊದಿದರು. ಐದನೇ ತರಗತಿಯ ಮಕ್ಕಳು ಪರೀಕ್ಷೆ ಮುಗಿಯಿತೆಂದು ಪೆನ್ನು ಕೆಳಗಿಟ್ಟರಂತೆ.

“ಯಾರೂ ಅಲ್ಲಾಡಬೇಡಿ! ಒಬ್ಬರು ಬಂದಿಲ್ಲ.”

ನಾನು ನನ್ನ ಭಾವನನ್ನು ಕೆಲಸದಲ್ಲಿ ನೋಡಿದ್ದು ಅದೇ ಮೊದಲು. ಆ ಸ್ವರದಲ್ಲಿ ಅವರು ಮನೆಯಲ್ಲಿ ಒಂದು ಸಲ ಮಾತಾಡಿದ್ದರೂ ಅಕ್ಕ ಎದ್ದು ನೀರು ತಂದುಕೊಡುತ್ತಿದ್ದಳು. ಎಲ್ಲರ ಮುಖಗಳ ಮೇಲೆ ಕಣ್ಣು ಹಾಯಿಸಿ, “ಗುಮಾಸ್ತರು,” ಎಂದರು. ಸೀದಾ ಹೊರಗೆ ನಡೆದರು. ಈಗ ಎಡ ಬಲ ಯಾವುದೂ ತಪ್ಪಲಿಲ್ಲ. ನಾನು ಹಿಂದೆಯೇ ಓಡಿದೆ.

ಗುಮಾಸ್ತರು ಪುಸ್ತಕದ ಕೋಣೆಯ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದರು. ಒಂದು ಆನೆಯ ಚಿತ್ರದ ಪುಸ್ತಕ ತೆರೆದು ನೋಡುತ್ತಿದ್ದವರು ತಲೆ ಎತ್ತುವಷ್ಟರಲ್ಲಿ ಚಿಲಕ ಬಿದ್ದಿತ್ತಂತೆ. ಬಾಗಿಲು ತೆರೆದಾಗ ಮುಖ ಕೆಂಪಗಿತ್ತು.

“ಐದು ನಿಮಿಷ! ಕೂಗಿದೆ, ತಟ್ಟಿದೆ. ಒಬ್ಬರಾದರೂ ಹಿಂದೆ ತಿರುಗಿ ನೋಡ್ಬೇಡ್ವಾ? ಮೂವತ್ತೈದು ವರ್ಷ ನ್ಯಾಯಾಲಯದಲ್ಲಿದ್ದೆ, ಒಂದು ದಿನ ನನ್ನನ್ನ ಒಳಗೆ ಹಾಕಿರಲಿಲ್ಲ!”

“ನೀವು ಮುಂದೆ ನಡೀರಿ,” ಎಂದರು ಭಾವ. “ನಾನು ಹಿಂದೆ ಬರ್ತೀನಿ.”

ಗುಮಾಸ್ತರು ಎರಡು ಹೆಜ್ಜೆ ನಡೆದು ನಿಂತರು. ವಿಚಾರಣೆಯ ಕಳೆ ಮರಳಿ ಬಂದಿತ್ತು.

“ಅಲ್ಲ ಸ್ವಾಮಿ, ಸೀಟಿ ಊದಿದ್ದು ನೀವಾ?”

“ಹೌದು.”

“ಇಂಜಿನ್ ಡ್ರೈವರ್ ಕಿಸೆಯಲ್ಲಿ ಸೀಟಿ ಯಾಕೆ ಇರುತ್ತೆ?”

ಭಾವ ಸೀಟಿಯನ್ನು ಕಿಸೆಗೆ ಹಾಕಿಕೊಂಡರು. ಈ ಸಲ ಬಾಯಲ್ಲಿ ಬ್ರಷ್ಷೂ ಇರಲಿಲ್ಲ, ನೊರೆಯೂ ಇರಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹತ್ತೂ ನಲವತ್ತು.

ನಾವು ಮರಳಿ ಬಂದು ತರಗತಿಯ ಗೋಡೆಗೆ ಒರಗಿ ನಿಂತೆವು. ಮಕ್ಕಳು ಆಟದ ಬಯಲಿಂದ ಸಾಲಾಗಿ ಬಂದರು. ಮುಂದೆ ಗುಮಾಸ್ತರ ಮೊಮ್ಮಗಳು, ಮೂಗಿನ ನೇರಕ್ಕೆ ನೋಡಿಕೊಂಡು. ಒಬ್ಬೊಬ್ಬರಾಗಿ ಒಳಗೆ ಬಂದು ಕೂತರು. ಒಬ್ಬ ಶೂ ಬಿಚ್ಚಲು ಬಾಗಿಲಲ್ಲಿ ಕೂತ, ಇನ್ನೊಬ್ಬಳು ಒಂದು ಇರುವೆಯ ಹಿಂದೆ ಹೋದಳು. ಆದರೂ ಯಾರಿಗೂ ಗಾಬರಿಯಿಲ್ಲ, ಟೀಚರು ಬಾಗಿಲ ಕಡೆಗೆ ನೋಡುತ್ತಲೂ ಇರಲಿಲ್ಲ. ಏಕೆಂದರೆ ಹೊರಗೆ ಅಜ್ಜಮ್ಮ ನಿಂತಿದ್ದಳು.

“ಲೇಸ್ ಆಮೇಲೆ ಬಿಚ್ಚಪ್ಪ, ದಾರಿ ಬಿಡು. ಇರುವೆ ಅದರ ಮನೆಗೆ ಹೋಗುತ್ತೆ, ನೀನು ನಿನ್ನ ಜಾಗಕ್ಕೆ ಹೋಗಮ್ಮ.”

ಎಲ್ಲರೂ ಒಳಗಾದ ಮೇಲೆ ಅವಳು ಹೊರಗಿನ ಹಾದಿಯನ್ನು ಉದ್ದಕ್ಕೂ ಒಮ್ಮೆ ನೋಡಿದಳು. ಬಾಗಿಲೆಳೆದಳು. ಬೆರಳು ಮಡಿಸುತ್ತ ಎಣಿಸಿದಳು. ಆಮೇಲೆ ಕರಿಹಲಗೆ ಒರೆಸುವ ಹಸಿರು ಬಟ್ಟೆಯನ್ನು ಮೇಲೆತ್ತಿ ಹಿಡಿದು, “ಮೂವತ್ತೊಂದು. ಎಲ್ಲರೂ ಬಂದ್ರು ಟೀಚರ್. ಶುರು ಮಾಡಬಹುದು,” ಎಂದಳು.

ಆಗಷ್ಟೇ ಟೀಚರು ಪುಸ್ತಕ ತೆರೆದರು.

ಭಾವ ಗೋಡೆಗೆ ಒರಗಿದ್ದವರು ನೆಟ್ಟಗಾದರು. ಆ ಬಟ್ಟೆ ಹಿಡಿದ ಕೈಯನ್ನೇ ನೋಡುತ್ತಿದ್ದರು. ಮೊಣಕೈ ಚಾಚಿ, ತಲೆಯ ಮೇಲಕ್ಕೆ, ಒಂದಿಷ್ಟೂ ಅಲ್ಲಾಡಿಸದೆ. ಹೋದ ವರ್ಷ ಒಂದು ಭಾನುವಾರ ಅವಳನ್ನು ತಮ್ಮ ಡಬ್ಬಿಯ ಬಳಿ ಕರೆದುಕೊಂಡು ಹೋಗಿದ್ದರು. ಅವಳು ಅಂದು ಪೂರ್ತಿ ಹೊತ್ತು ಶೇಂಗಾ ತಿನ್ನುತ್ತಿದ್ದಳು, ಏನನ್ನೂ ನೋಡಲೇ ಇಲ್ಲ ಎಂದು ಮನೆಗೆ ಬಂದು ಹೇಳಿದ್ದರು.

“ಈಗ ಮಾತಿನ ಸಮಯ,” ಎಂದರು ಟೀಚರು. “ಒಬ್ಬರು ಆಗಿನಿಂದ ಕಾಯ್ತಿದ್ದಾರೆ. ಅದಕ್ಕೆ ಮುಂಚೆ ಒಂದು ಮಾತು. ಮೊದಲನೇ ದಿನ ಕೆಲಸ ಹಂಚಿದಾಗ ಸಾಲಿನ ಮೊದಲು ಯಾರಿಗೆ ಬೇಕು ಅಂದೆ, ಮೂವತ್ತು ಕೈ ಮೇಲೆ ಬಂತು. ಕೊನೆ ಯಾರಿಗೆ ಬೇಕು ಅಂದೆ. ಒಂದೇ ಕೈ.” ಅಜ್ಜಮ್ಮನ ಕಡೆ ತಿರುಗಿದರು. “ಯಾಕೆ ಬೇಕು ಅಂದಿದ್ದೆ, ಹೇಳಮ್ಮ.”

ಇಷ್ಟು ಸಣ್ಣ ವಿಷಯ ಗೊತ್ತಿಲ್ಲವೇ ಎಂಬಂತೆ ಅಜ್ಜಮ್ಮ ನಮ್ಮನ್ನೆಲ್ಲ ನೋಡಿದಳು.

“ನಮ್ಮಪ್ಪಂದು ಅದೇ ಕೆಲಸ. ಅಪ್ಪ ರೈಲಲ್ಲಿ ಕೊನೆ. ಡ್ರೈವರ್ ಸುಮ್ನೆ ಮುಂದೆ ಕೂತಿರ್ತಾನೆ, ಅಪ್ಪ ಹೇಳೋ ತನಕ ಹೊರಡೋ ಹಾಗಿಲ್ಲ. ಎಲ್ಲರೂ ಹತ್ತಿದ್ರಾ ಅಂತ ಅಪ್ಪನೇ ನೋಡೋದು. ಯಾರಾದ್ರೂ ಬಿಟ್ಟುಹೋದ್ರೆ ಅಪ್ಪಂಗೆ ಮಾತ್ರ ಗೊತ್ತಾಗುತ್ತೆ.”

ಗುಮಾಸ್ತರು ನಿಧಾನವಾಗಿ ಭಾವನ ಕಡೆ ತಿರುಗಿದರು. ಎರಡು ವರ್ಷದ ಹಾರ್ನುಗಳೆಲ್ಲ ಆ ನೋಟದಲ್ಲಿದ್ದವು.

ಭಾವ ಕೈ ಎತ್ತಿದರು.

“ಹೇಳಿ,” ಎಂದರು ಟೀಚರು.

“ನಾನು ಡ್ರೈವರ್ ಅಲ್ಲ.” ಕಿಸೆಯಿಂದ ಸೀಟಿ ತೆಗೆದು ತೋರಿಸಿದರು. “ಗಾರ್ಡು. ಇಪ್ಪತ್ತೆರಡು ವರ್ಷದಿಂದ. ಇವರು ಕೇಳಿದಾಗ ಹಲ್ಲುಜ್ಜುತ್ತಾ ಇದ್ದೆ... ಆಮೇಲೆ ಹೇಳಬಹುದಿತ್ತು, ಹೇಳಲಿಲ್ಲ. ತಪ್ಪು ನಂದೇ.”

“ನಾನು ಹೇಳಿದ್ದೆ,” ಎಂದಳು ಅಜ್ಜಮ್ಮ ಗುಮಾಸ್ತರಿಗೆ. “ನೀವು ಕೇಳಲಿಲ್ಲ, ತಲೆ ಸವರಿದ್ರಿ.”

ಗುಮಾಸ್ತರು ಕೈ ಚಾಚಿ, “ಅರ್ಜಿ ಕೊಡಿ,” ಎಂದರು. ನಾನು ಅಕ್ಕನ ಮಾತು ನೆನೆದು ಭಾವನ ಕೈ ಹಿಡಿದು ಎಳೆಯಲು ಸಿದ್ಧನಾದೆ. ಗುಮಾಸ್ತರು ಅರ್ಜಿಯನ್ನು ಒಂದು ಪುಟ್ಟ ಮೇಜಿನ ಮೇಲೆ ಹರಡಿ, ಮಂಡಿಯೂರಿ ಕೂತು, ಕೆಂಪು ಪೆನ್ನು ತೆಗೆದರು. ‘ಇಂಜಿನ್ ಚಾಲಕರಾಗಿದ್ದು’ ಹೊಡೆದುಹಾಕಿ ‘ಗಾರ್ಡ್ ಆಗಿದ್ದು’ ಎಂದು ಬರೆದರು. ‘ಮುಂಭಾಗದಲ್ಲಿ’ ಎಂಬುದು ‘ಹಿಂಭಾಗದಲ್ಲಿ’ ಎಂದಾಯಿತು. ‘ಕುಂದು’ ಹೋಗಿ ‘ಶೋಭೆ’ ಬಂತು. ಕಡೆಯ ಸಾಲಿನಲ್ಲಿ ‘ಆಕೆಯನ್ನು ಅದೇ ಹುದ್ದೆಯಲ್ಲಿ ಖಾಯಂ ಮಾಡಬೇಕೆಂದು ಪ್ರಾರ್ಥನೆ’ ಎಂದು ತಿದ್ದಿ, ಪ್ರತಿ ತಿದ್ದುಪಡಿಗೂ ಸಣ್ಣ ರುಜು ಹಾಕಿ, ಎದ್ದು ಟೀಚರ ಕೈಗಿತ್ತರು.

“ಐದು ನಿಮಿಷ ಒಳಗಿದ್ದವನು ಹೇಳ್ತಿದ್ದೀನಿ ಮೇಡಂ. ಇದನ್ನ ಪರಿಗಣಿಸಿ.”

ಟೀಚರು ಪೂರ್ತಿ ಓದಿದರು. “ಆಗಲ್ಲ,” ಎಂದರು, ಅಷ್ಟೇ ಮೆಲ್ಲಗೆ. “ಸೋಮವಾರಕ್ಕೆ ಎಲ್ಲರ ಕೆಲಸವೂ ಬದಲಾಗುತ್ತೆ. ಇವಳಿಗೆ ಗಿಡ. ಕೊನೆ ಈ ಸಲ ನಿಮ್ಮ ಮೊಮ್ಮಗಳಿಗೆ.”

ಗುಮಾಸ್ತರ ಮೊಮ್ಮಗಳ ಬಾಯಿ ಸೊಟ್ಟಗಾಗತೊಡಗಿತು. ಅಜ್ಜಮ್ಮ ಅವಳ ಪಕ್ಕ ಹೋಗಿ ಹಸಿರು ಬಟ್ಟೆಯನ್ನು ಅವಳ ಕೈಗೆ ಕೊಟ್ಟು, “ಅಳಬಾರದು. ಇದು ದೊಡ್ಡ ಕೆಲಸ. ಕೈ ಹೀಗೆ ಹಿಡೀಬೇಕು, ಅಲ್ಲಾಡಿಸಬಾರದು,” ಎಂದು ಕಲಿಸಿದಳು.

ದಾರಿಯಲ್ಲಿ ಗುಮಾಸ್ತರು ಒಂದೇ ಪ್ರಶ್ನೆ ಕೇಳಿದರು. “ಹಾಗಾದ್ರೆ ಆ ಶಿಷ್ಯ?”

“ಅವನೇ ಡ್ರೈವರ್,” ಎಂದರು ಭಾವ. ಗುಮಾಸ್ತರು ನಕ್ಕರು ಎಂದು ನಾನು ಹೇಳುವುದಿಲ್ಲ, ಆದರೆ ಅವರ ಬಗಲಿನ ಫೈಲು ಅಲುಗಾಡಿತು.

ಸೋಮವಾರ ಸಂಜೆ ನಾನು ಅಂಗಡಿಯಿಂದ ಬೇಗ ಬಂದೆ. ಐದೂ ಇಪ್ಪತ್ತಾಯಿತು. ಹಾರ್ನ್ ಕೇಳಲಿಲ್ಲ, ಭಾವ ಬೇಡವೆಂದು ಹೇಳಿದ್ದರು. ಆದರೂ ಬೀದಿಯವರೆಲ್ಲ ಬಂದು ಹಳಿಯ ಬೇಲಿಯ ಬಳಿ ನಿಂತಿದ್ದರು. ಸುದ್ದಿ ಹರಡುವ ಕೆಲಸವನ್ನು ಗುಮಾಸ್ತರು ಈ ಸಲವೂ ಬಿಟ್ಟಿರಲಿಲ್ಲ. ಇಂಜಿನ್ನು ಹಾದುಹೋಯಿತು. ಯಾರೂ ಒಳಗೆ ಹೋಗಲಿಲ್ಲ. ಆ ಬೀದಿಯಲ್ಲಿ ಅಲ್ಲಿಯವರೆಗೆ ಒಂದು ರೈಲನ್ನು ಪೂರ್ತಿ ನೋಡಿದವರು ಯಾರೂ ಇರಲಿಲ್ಲವೆಂದು ನನಗೆ ಆಗ ಹೊಳೆಯಿತು. ಎಷ್ಟು ಉದ್ದವಿದೆ ಎಂದು ಒಬ್ಬಾಕೆ ಆಶ್ಚರ್ಯಪಟ್ಟರು.

ಅಜ್ಜಮ್ಮ ಬೇಲಿಯ ಮೇಲಿನ ಕಂಬಿ ಹಿಡಿದು ಎಣಿಸುತ್ತಿದ್ದಳು. ಕೊನೆಯ ಡಬ್ಬಿ ಬಂತು. ಬಾಗಿಲಲ್ಲಿ ಭಾವ ನಿಂತಿದ್ದರು, ಹಸಿರು ಬಾವುಟ ಹಿಡಿದು. ಇಷ್ಟು ಜನರನ್ನು ಕಂಡು ಅವರ ಕೈ ಮೊದಲ ಸಲ ಸ್ವಲ್ಪ ಅಲ್ಲಾಡಿತು.

“ಹದಿನೈದು, ಹದಿನಾರು, ಅಪ್ಪ,” ಎಂದಳು ಅಜ್ಜಮ್ಮ. ಆಮೇಲೆ ಗುಮಾಸ್ತರ ಕಡೆ ತಿರುಗಿ ಹೇಳಿದಳು. “ಎಲ್ಲಾ ಬಂತು. ಈಗ ನೀವು ಒಳಗೆ ಹೋಗಬಹುದು.”

ಗುಮಾಸ್ತರು ಕೈಗಡಿಯಾರದ ಮುಳ್ಳನ್ನು ಐದೂ ಇಪ್ಪತ್ತೊಂದಕ್ಕೆ ಸರಿಮಾಡಿಕೊಂಡು ಒಳಗೆ ಹೋದರು.